ಬಾರ್ಲೋ ಮಸೂರ ಮತ್ತು ಒಂದು ಹಳೆಯ ಸಾಲ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಯಲಬುರ್ಗಾದಲ್ಲಿ ನನ್ನ ಬಳಿ ಎಂಟನೆಯ ತರಗತಿಯ ವಿಜ್ಞಾನ ಓದಿದವನು. ಈಗ ಅವನ ಮಗನೇ ಎಂಟನೆಯ ತರಗತಿಗೆ ಬಂದಿದ್ದಾನೆ. ಮಗನ ಹುಟ್ಟುಹಬ್ಬಕ್ಕೆಂದು ದೂರದರ್ಶಕವೊಂದನ್ನು ತರಿಸಿಕೊಟ್ಟಿದ್ದಾನಂತೆ.

"ಸರ್, ಡಬ್ಬಿ ಮ್ಯಾಲ 525 ಪಟ್ಟು ಅಂತ ಬರದಾರ. ಶನಿ ಗ್ರಹ ನೋಡಿದ್ರ ಬರೇ ಮಬ್ಬು. ಜೋಡಿ ಒಂದು ಬಾರ್ಲೋ ಲೆನ್ಸ್ ಕೊಟ್ಟಾರ. ಅದs ಕೆಟ್ಟೈತೇನು? ಬ್ಯಾರೇದು ತಗೊಳ್ಳೇನು?"

ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಬರೆದು ತಿಳಿಸುತ್ತೇನೆ ಎಂದು ಹೇಳಿದೆ. ಹಾಗೆ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ 525 ಎಂಬ ಸಂಖ್ಯೆ ನನಗೆ ಹಳೆಯ ಪರಿಚಯ. ಅದಕ್ಕೂ ಹಿಂದಿನ ಒಂದು ಸಂಗತಿ ಇದರೊಡನೆ ತಳಕು ಹಾಕಿಕೊಂಡಿದೆ. ಅದನ್ನು ನಾನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿದವನಲ್ಲ.

ನಾನು ದೂರದರ್ಶಕ ಕೊಂಡದ್ದು 2003ರ ಡಿಸೆಂಬರಿನಲ್ಲಿ, ಹೈದರಾಬಾದಿನ ಒಂದು ಅಂಗಡಿಯಲ್ಲಿ. ಸಂಬಂಧಿಕರ ಮದುವೆಗೆಂದು ಹೋದವನು ಮದುವೆಯ ಉಡುಗೊರೆಗಿಂತ ಹೆಚ್ಚಿನ ಹಣವನ್ನು ಆ ಅಂಗಡಿಯಲ್ಲಿ ಸುರಿದು ಬಂದೆ. 60 ಮಿಲಿಮೀಟರ್ ಅಗಲದ ವಸ್ತುಕ ಮಸೂರ, 700 ಮಿಲಿಮೀಟರ್ ಸಂಗಮದೂರ. ಜೊತೆಗೆ 20, 12.5 ಮತ್ತು 4 ಮಿ.ಮೀ.ನ ಮೂರು ಐಪೀಸುಗಳು, ಮತ್ತು ಮೂರು ಪಟ್ಟಿನ ಒಂದು ಬಾರ್ಲೋ ಮಸೂರ. ಡಬ್ಬಿಯ ಮೇಲೆ ಶನಿಯ ಉಂಗುರದ ಬಣ್ಣದ ಚಿತ್ರ. ಅದರ ಕೆಳಗೆ ದಪ್ಪಕ್ಷರದಲ್ಲಿ 525 ಪಟ್ಟು! ಆ ಚಿತ್ರ ಈ ಕೊಳವೆಯಲ್ಲಿ ಕಂಡದ್ದಲ್ಲವೆಂದು ಗಣಿತದ ಮಾಸ್ತರನಾದ ನನಗೆ ಅಲ್ಲಿಯೇ ತೋಚಬೇಕಿತ್ತು. ತೋಚಲಿಲ್ಲ. ಆಸೆ ಎದುರಿಗಿದ್ದಾಗ ಭಾಗಾಕಾರ ಮರೆತುಹೋಗುತ್ತದೆ.

ಲೆಕ್ಕ ಬಹಳ ಸರಳ. ವಸ್ತುಕದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ. 700ನ್ನು 4ರಿಂದ ಭಾಗಿಸಿದರೆ 175. ಬಾರ್ಲೋ ಸೇರಿಸಿದರೆ ಅದರ ಮೂರರಷ್ಟು, ಅಂದರೆ 525. ಸಂಖ್ಯೆ ಸುಳ್ಳಲ್ಲ. ಸುಳ್ಳು ಇರುವುದು ಅದನ್ನು ಬಳಸಬಹುದೆಂಬ ಸೂಚನೆಯಲ್ಲಿ.

ಆ ಚಳಿಗಾಲ ಶನಿಯನ್ನು ನೋಡಲು ಅತ್ಯುತ್ತಮ ಕಾಲ. ಡಿಸೆಂಬರ್ ಕೊನೆಗೆ ಗ್ರಹ ಭೂಮಿಗೆ ಎದುರಾಗಿತ್ತು, ಉಂಗುರಗಳು ಚೆನ್ನಾಗಿ ತೆರೆದುಕೊಂಡಿದ್ದವು, ಮಿಥುನ ರಾಶಿಯಲ್ಲಿದ್ದುದರಿಂದ ನಡುರಾತ್ರಿಯ ಹೊತ್ತಿಗೆ ನೆತ್ತಿಯ ಸಮೀಪಕ್ಕೇ ಬರುತ್ತಿತ್ತು. ನಾನು ಮಾಳಿಗೆಯ ಮೇಲೆ ಮುಕ್ಕಾಲಿ ನಿಲ್ಲಿಸಿ, ನೇರವಾಗಿ 4 ಮಿ.ಮೀ. ಐಪೀಸಿಗೆ ಬಾರ್ಲೋ ಜೋಡಿಸಿದೆ. ಕಂಡದ್ದೇನು? ಕತ್ತಲು. ಅರ್ಧ ಗಂಟೆ ಹುಡುಕಿದ ಮೇಲೆ ಒಂದು ಮಂಕಾದ ಹಳದಿ ಕಲೆ ನೋಟದೊಳಗೆ ಈಜಿ ಬಂದು, ನಾನು ಉಸಿರು ಬಿಟ್ಟೊಡನೆ ನಡುಗಿ, ಆಚೆ ದಾಟಿಹೋಯಿತು. ಅದಕ್ಕಿಂತ ಸ್ಪಷ್ಟವಾಗಿ ಕಂಡದ್ದು ನನ್ನ ಕಣ್ಣೊಳಗೇ ತೇಲಾಡುವ ಎಳೆಗಳು. ಮನೆಯಾಕೆ ಮೇಲೆ ಬಂದು ಒಂದು ಕ್ಷಣ ಇಣುಕಿ ನೋಡಿ, "ಇಷ್ಟು ರೊಕ್ಕ ಕೊಟ್ಟು ಮಬ್ಬು ನೋಡೂದಾಗಿದ್ರ ನನ್ನ ಹಳೇ ಚಾಳೀಸು ಹಾಕ್ಕೊಂಡು ನೋಡಬೇಕಿತ್ತು" ಎಂದು ಹೇಳಿ ಕೆಳಗಿಳಿದಳು.

ಮರುದಿನ ಸಿಟ್ಟಿನಿಂದ ಬಾರ್ಲೋ ಕಿತ್ತು, ಅತಿ ಕಡಿಮೆ ವರ್ಧನೆಯ 20 ಮಿ.ಮೀ. ಐಪೀಸ್ ಹಾಕಿದೆ. 35 ಪಟ್ಟು ಮಾತ್ರ. ಶನಿ ಚಿಕ್ಕದಾಗಿ, ಚೊಕ್ಕವಾಗಿ, ಉಂಗುರ ಸಮೇತ ನಿಂತಿತ್ತು. ಜೋಳದ ಕಾಳಿಗಿಂತ ಕಿರಿದು. ಆದರೆ ಆ ಕಾಳಿನ ಸುತ್ತ ಉಂಗುರವಿತ್ತು! ಅಂದು ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಳ್ಳರು ಬಂದರೆಂದು ದೀಪ ಹಚ್ಚಿದರು.

ಬಾರ್ಲೋ ಮಸೂರ ಮಾಡುವುದೇನೆಂದು ಈಗ ಹೇಳಬೇಕು. ಅದೊಂದು ನಿಮ್ನ ಮಸೂರ. ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ವಸ್ತುಕದಿಂದ ಬಂದ ಬೆಳಕಿನ ಕಿರಣಗಳು ಒಂದೆಡೆ ಕೂಡುವ ಮೊದಲೇ ಇದು ಅಡ್ಡ ನಿಂತು, ಅವು ಕೂಡುವ ಕೋನವನ್ನು ಕಿರಿದುಗೊಳಿಸುತ್ತದೆ. ಪರಿಣಾಮವಾಗಿ 700 ಮಿ.ಮೀ.ನ ಕೊಳವೆ 1400 ಮಿ.ಮೀ.ನ ಕೊಳವೆಯಂತೆ ವರ್ತಿಸುತ್ತದೆ. ಐಪೀಸ್ ಅದೇ, ವರ್ಧನೆ ಎರಡರಷ್ಟು. ಇದಕ್ಕೆ ಹೆಸರು ಬಂದದ್ದು ಪೀಟರ್ ಬಾರ್ಲೋ ಎಂಬ ಆಂಗ್ಲ ಗಣಿತಜ್ಞನಿಂದ. 1776ರಲ್ಲಿ ಹುಟ್ಟಿ 1862ರಲ್ಲಿ ತೀರಿಕೊಂಡ ಆತ ವೂಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಗಣಿತದ ಮಾಸ್ತರ. ವರ್ಗ, ಘನ, ವರ್ಗಮೂಲಗಳ ಆತನ ಕೋಷ್ಟಕಗಳು 1814ರಲ್ಲಿ ಹೊರಬಂದು ನೂರು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿದ್ದವು. ಹಡಗಿನಲ್ಲಿರುವ ಕಬ್ಬಿಣದಿಂದ ದಿಕ್ಸೂಚಿ ದಾರಿ ತಪ್ಪುವುದನ್ನು ಸರಿಪಡಿಸುವುದಕ್ಕೂ ಆತ ಕೈಹಾಕಿದ್ದ. ಒಳ್ಳೆಯ ದೊಡ್ಡ ಗಾಜು ಸಿಗುವುದು ದುಸ್ತರವಾಗಿದ್ದ ಆ ಕಾಲದಲ್ಲಿ ಗಾಜಿನ ಬದಲು ದ್ರವ ತುಂಬಿದ ಮಸೂರಗಳನ್ನು ಮಾಡಿ ನೋಡುತ್ತಿದ್ದ. ಆ ಪ್ರಯೋಗಗಳ ಬೆನ್ನಲ್ಲೇ 1830ರ ದಶಕದಲ್ಲಿ ಈ ಮಸೂರ ಬಂತು. ಗಣಿತದ ಮಾಸ್ತರನೊಬ್ಬನ ಕೈಗೂಸು ಎಂಬ ಕಾರಣಕ್ಕೆ ನನಗೆ ಇದರ ಮೇಲೆ ತುಸು ಪಕ್ಷಪಾತವಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಬಾರ್ಲೋ ಬೆಳಕನ್ನು ಹುಟ್ಟಿಸುವುದಿಲ್ಲ. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಹಿಟ್ಟಿನ ಉಂಡೆ ಅಷ್ಟೇ. ಬಡಿದಷ್ಟೂ ರೊಟ್ಟಿ ಅಗಲವಾಗುತ್ತದೆ, ಅಗಲವಾದಷ್ಟೂ ತೆಳ್ಳಗಾಗುತ್ತದೆ, ಒಂದು ಹಂತ ದಾಟಿದರೆ ಹರಿಯುತ್ತದೆ. ದೂರದರ್ಶಕಕ್ಕೆ ಹಿಟ್ಟಿನ ಉಂಡೆ ಎಂದರೆ ವಸ್ತುಕದ ಅಗಲ. ವರ್ಧನೆ ಮೂರು ಪಟ್ಟಾದರೆ ಬಿಂಬದ ಕಾಂತಿ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಎಷ್ಟರವರೆಗೆ ಬಡಿಯಬಹುದು ಎಂಬುದಕ್ಕೆ ಹವ್ಯಾಸಿಗಳಲ್ಲಿ ಒಂದು ಸ್ಥೂಲ ನಿಯಮವಿದೆ: ವಸ್ತುಕದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು. 60 ಮಿ.ಮೀ.ಗೆ 120 ಪಟ್ಟು. ಅದಕ್ಕೆ ಮೇಲಿನ 405 ಪಟ್ಟು ಡಬ್ಬಿಯ ಮೇಲೆ ಮಾತ್ರ ಇರುತ್ತದೆ. 525 ಪಟ್ಟಿನಲ್ಲಿ ಐಪೀಸಿನಿಂದ ಹೊರಬರುವ ಬೆಳಕಿನ ಕಂಬದ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಚೂರು ಹೆಚ್ಚು, ಅಷ್ಟೇ. ಅಂಥ ಕೂದಲೆಳೆಯ ಬೆಳಕಿನಲ್ಲಿ ಕಣ್ಣೊಳಗಿನ ಕಸವೆಲ್ಲ ನೆರಳಾಗಿ ಕಾಣದೆ ಇನ್ನೇನು?

ಹಾಗಾದರೆ ಬಾರ್ಲೋ ನಿರುಪಯೋಗಿಯೇ? ಅಲ್ಲ. ಕೆಟ್ಟ ಬಾರ್ಲೋ ನಿರುಪಯೋಗಿ. ಅತಿಯಾಸೆಯೂ ಹಾಗೆಯೇ. 2010ರಲ್ಲಿ ಇನ್ನೊಬ್ಬ ಶಿಷ್ಯ ನನಗೊಂದು ಎರಡು ಪಟ್ಟಿನ ಬಾರ್ಲೋ ಕಳುಹಿಸಿದ. ಎರಡು ಬಗೆಯ ಗಾಜನ್ನು ಜೋಡಿಸಿ ಮಾಡಿದ್ದು. ಒಂದು ಗಾಜು ಬೆಳಕನ್ನು ಬಣ್ಣಬಣ್ಣವಾಗಿ ಒಡೆದರೆ ಇನ್ನೊಂದು ಅದನ್ನು ಬಹುಮಟ್ಟಿಗೆ ಕೂಡಿಸುತ್ತದೆ. ಲೋಹದ ಕೊಳವೆ, ಒಳಗೆಲ್ಲ ಕಪ್ಪು ಬಳಿದಿತ್ತು. ಕೊಳ್ಳುವವರು ಇದನ್ನು ತಪ್ಪದೆ ನೋಡಿರಿ: ಕೊಳವೆಯೊಳಗೆ ಇಣುಕಿದಾಗ ಗೋಡೆ ಮಿರಮಿರ ಮಿಂಚಿದರೆ ಚಂದ್ರನನ್ನು ನೋಡುವಾಗ ನೋಟದ ತುಂಬ ಹಾಲು ಚೆಲ್ಲಿದಂತಾಗುತ್ತದೆ. ನನ್ನ ಹಳೆಯದರಲ್ಲಿ ಇದ್ದದ್ದು ಒಂಟಿ ಪ್ಲಾಸ್ಟಿಕ್ ಮಸೂರ, ಬೆಳ್ಳಗೆ ಮಿಂಚುವ ಪ್ಲಾಸ್ಟಿಕ್ ಕೊಳವೆ.

ಒಳ್ಳೆಯ ವಸ್ತು ಬಂತು, ಆದರೆ ಕೂಡಲಿಲ್ಲ! ಹೊಸದರ ಕೊಳವೆ ಒಂದೂಕಾಲು ಅಂಗುಲ, ಅಂದರೆ 31.7 ಮಿ.ಮೀ.; ನನ್ನ ದೂರದರ್ಶಕದ ಬಾಯಿ ಹಳೆಯ ಮಾದರಿಯ 24.5 ಮಿ.ಮೀ. ಕೊಳ್ಳುವ ಮೊದಲು ಅಳತೆಪಟ್ಟಿ ಹಿಡಿಯಿರಿ ಎಂದು ಹೇಳುವುದು ಇದಕ್ಕೇ. ಆಗ ನಾನು ಗಂಗಾವತಿಯಲ್ಲಿದ್ದೆ. ಗಂಗಾವತಿ ಎಂದರೆ ತುಂಗಭದ್ರೆಯ ಕಾಲುವೆ, ಭತ್ತ, ಅಕ್ಕಿ ಗಿರಣಿ. ಗಿರಣಿ ಇದ್ದಲ್ಲಿ ಲೇತ್ ಮಷೀನು ಇರಲೇಬೇಕು. ಗಿರಣಿಯ ಬಿಡಿಭಾಗ ಕಡೆಯುವ ಒಬ್ಬ ಹಿರಿಯರ ಬಳಿ ಎರಡನ್ನೂ ಒಯ್ದು ತೋರಿಸಿದೆ. ಅವರು ಮಸೂರದೊಳಗೆ ನೋಡಲೇ ಇಲ್ಲ. ವರ್ನಿಯರ್ ಹಿಡಿದು ಅಳೆದು, ಮರುದಿನ ಬನ್ನಿ ಎಂದರು. ಮರುದಿನ ಎರಡು ಹಿತ್ತಾಳೆ ಬುಷ್ ಸಿದ್ಧವಾಗಿದ್ದವು: ಒಂದು ಬಾರ್ಲೋವನ್ನು ದೂರದರ್ಶಕದ ಬಾಯಿಗೆ ಕೂರಿಸಲು, ಇನ್ನೊಂದು ನನ್ನ ಸಣ್ಣ ಐಪೀಸನ್ನು ಬಾರ್ಲೋದ ಬಾಯಿಗೆ ಕೂರಿಸಲು. ಹಣ ಎಷ್ಟೆಂದರೆ, "ಇದರಾಗ ಚಂದಪ್ಪನ್ನ ತೋರಸ್ರಿ, ಸಾಕು" ಎಂದರು. ತೋರಿಸಿದೆ. ಆ ಬುಷ್‌ಗಳು ಇಂದಿಗೂ ಅಲುಗಿಲ್ಲ.

ಅಲ್ಲಿಂದ ಮುಂದೆ ನನ್ನ ಲೆಕ್ಕ ನೆಟ್ಟಗಾಯಿತು. 20 ಮಿ.ಮೀ.ಗೆ 35 ಪಟ್ಟು, ಬಾರ್ಲೋ ಸೇರಿಸಿದರೆ 70. 12.5 ಮಿ.ಮೀ.ಗೆ 56, ಬಾರ್ಲೋ ಸೇರಿದರೆ 112. ಎರಡು ಐಪೀಸು, ನಾಲ್ಕು ವರ್ಧನೆ, ಎಲ್ಲವೂ 120ರ ಒಳಗೆ. 4 ಮಿ.ಮೀ. ಐಪೀಸನ್ನು ಟ್ರಂಕಿನ ತಳಕ್ಕೆ ಹಾಕಿದೆ. ನಿಮ್ಮಲ್ಲಿ ಯಾರಾದರೂ ಬಾರ್ಲೋ ಕೊಳ್ಳುವುದಾದರೆ ಮೊದಲು ಕಾಗದದ ಮೇಲೆ ಹೀಗೆ ಬರೆದುಕೊಳ್ಳಿ. 20 ಮತ್ತು 10 ಮಿ.ಮೀ.ನ ಐಪೀಸುಗಳಿದ್ದರೆ ಎರಡು ಪಟ್ಟಿನ ಬಾರ್ಲೋದಿಂದ 20 ಹತ್ತಾಗುತ್ತದೆ. ಹತ್ತು ನಿಮ್ಮಲ್ಲಿ ಮೊದಲೇ ಇದೆ. ಇದ್ದುದನ್ನೇ ಮತ್ತೆ ಕೊಂಡಂತೆ. 25 ಮತ್ತು 10 ಆದರೆ ಸರಿ. ಇನ್ನು, ನನ್ನದರಂಥ ಉದ್ದ ಸಂಗಮದೂರದ ಸಪೂರ ಕೊಳವೆಗೆ ಬಾರ್ಲೋ ಅನಿವಾರ್ಯವೇನಲ್ಲ; ಅದೇ ಹಣಕ್ಕೆ ಒಂದು ಒಳ್ಳೆಯ ಐಪೀಸ್ ಬಂದರೆ ಅದೂ ಆದೀತು. 130 ಮಿ.ಮೀ. ಕನ್ನಡಿಯ, 650 ಮಿ.ಮೀ. ಸಂಗಮದೂರದ ಗಿಡ್ಡ ನ್ಯೂಟನ್ ದೂರದರ್ಶಕವಿದ್ದವರಿಗೆ ಮಾತ್ರ ಇದು ನಿಜವಾದ ಉಪಕಾರಿ. ಅಲ್ಲಿ 10 ಮಿ.ಮೀ. ಐಪೀಸಿಗೆ 65 ಪಟ್ಟು, ಬಾರ್ಲೋ ಹಾಕಿದರೆ 130. ಮಿತಿ 260ರವರೆಗೆ ಇದೆ. ಚಾಳೀಸಿನವರಿಗೆ ಇನ್ನೊಂದು ಲಾಭವುಂಟು. 4 ಮಿ.ಮೀ. ಐಪೀಸಿಗೆ ರೆಪ್ಪೆ ತಾಗುವಷ್ಟು ಹತ್ತಿರ ಕಣ್ಣು ಒಡ್ಡಬೇಕು. ದೊಡ್ಡ ಐಪೀಸಿಗೆ ಬಾರ್ಲೋ ಸೇರಿಸಿದರೆ ಕಣ್ಣು ತುಸು ದೂರದಲ್ಲಿ ನೆಮ್ಮದಿಯಾಗಿರುತ್ತದೆ.

ಬಾರ್ಲೋ ತನ್ನ ಬೆಲೆ ತೋರಿಸಿದ್ದು ಒಂದು ಮದುವೆ ಮನೆಯಲ್ಲಿ. ವಧೂವರರಿಗೆ ಪುರೋಹಿತರು ಹಾಡಹಗಲೇ ಆಕಾಶದತ್ತ ಕೈ ಮಾಡಿ ಅರುಂಧತಿಯನ್ನು ತೋರಿಸುವ ವಾಡಿಕೆ ನಿಮಗೆ ಗೊತ್ತು. ಅಂದು ರಾತ್ರಿ ನಾನು ನಿಜವಾಗಿಯೇ ತೋರಿಸಿದೆ. ಸಪ್ತರ್ಷಿಗಳ ಬಾಲದ ನಡುವಿನ ವಸಿಷ್ಠ, ಪಕ್ಕದಲ್ಲಿ ಅರುಂಧತಿ. 35 ಪಟ್ಟಿನಲ್ಲಿ ವಸಿಷ್ಠ ಏಕೋ ಉದ್ದುದ್ದ ಕಂಡ. ಬಾರ್ಲೋ ಸೇರಿಸಿ 70 ಮಾಡಿದಾಗ ವಸಿಷ್ಠನೇ ಎರಡಾಗಿ ನಿಂತ! 14 ವಿಕಲೆಗಳ ಅಂತರದಲ್ಲಿ ಒಂದು ಬೆಳಗುವ ಚುಕ್ಕೆ, ಅದಕ್ಕೆ ಅಂಟಿದಂತೆ ಇನ್ನೊಂದು ಮಂಕು ಚುಕ್ಕೆ. ತುಸು ದೂರದಲ್ಲಿ, ಅದೇ ನೋಟದೊಳಗೆ, ಅರುಂಧತಿ. ಮದುಮಗಳು ನೋಡಿ, "ಮೂರನೇದು ಯಾರ್ರೀ?" ಎಂದು ಕೇಳಿದಳು. ಉತ್ತರ ಹೊಳೆಯದೆ ಮದುಮಗನ ಮುಖ ನೋಡಿದೆ.

ಬಳಸುವ ಬಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಬಾರ್ಲೋ ಇಲ್ಲದೆ ಹುಡುಕಿ, ನಡುವಿಗೆ ತಂದು, ಆಮೇಲೆ ಹಾಕಬೇಕು. ಹಾಕಿದ ಮೇಲೆ ಭೂಮಿ ತಿರುಗುವುದು ಕಣ್ಣಿಗೇ ಕಾಣುತ್ತದೆ: 35 ಪಟ್ಟಿನಲ್ಲಿ ನಾಲ್ಕೂವರೆ ನಿಮಿಷ ನಿಲ್ಲುವ ಗ್ರಹ 112ರಲ್ಲಿ ಒಂದೂವರೆ ನಿಮಿಷದೊಳಗೆ ದಾಟಿಹೋಗುತ್ತದೆ. ಮುಕ್ಕಾಲಿಯ ನಡುವೆ ಐದಾರು ಕೆ.ಜಿ. ಜೋಳದ ಚೀಲ ತೂಗುಹಾಕಿದರೆ ನಡುಕ ತಗ್ಗುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಕಾದ ಆರ್‌ಸಿಸಿ ಮಾಳಿಗೆ ರಾತ್ರಿ ಹತ್ತರವರೆಗೂ ಹಬೆಯಾಡುತ್ತದೆ. ಆ ಹೊತ್ತಿನಲ್ಲಿ ಗುರುಗ್ರಹ ಕುದಿಯುವ ಎಸರಿನೊಳಗಿನ ಬೇಳೆಯಂತೆ ಕುಣಿಯುತ್ತದೆ. ಅದು ಬಾರ್ಲೋದ ದೋಷವಲ್ಲ. ಕಾಯಬೇಕು, ಅಥವಾ ಅಂಗಳದ ಮಣ್ಣಿಗೆ ಇಳಿಯಬೇಕು. ಮತ್ತೊಂದು ಮಾತು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ ಸೂರ್ಯ ಫಿಲ್ಟರ್ ಡಬ್ಬಿಯಲ್ಲಿ ಬಂದಿದ್ದರೆ ಅದನ್ನು ಒಡೆದು ಹಾಕಿ. ಬಿಸಿಗೆ ಅದು ಸೀಳಿದರೆ ಕಣ್ಣು ಹೋದಂತೆಯೇ. ನನ್ನದನ್ನು ನಾನು ಸುತ್ತಿಗೆಯಿಂದ ಒಡೆದೆ. 2004ರ ಜೂನ್ 8ರ ಶುಕ್ರ ಸಂಕ್ರಮಣವನ್ನು ಮಕ್ಕಳಿಗೆ ತೋರಿಸಿದ್ದು ಬಿಳಿ ಹಾಳೆಯ ಮೇಲೆ ಬಿಂಬ ಬೀಳಿಸಿ.

ಸೂರ್ಯನ ಮಾತು ಬಂತು. ಇನ್ನು ಆ ಹಳೆಯ ಸಂಗತಿ.

1980ರ ಫೆಬ್ರವರಿ 16, ಶನಿವಾರ. ನಾನು ಆಗತಾನೇ ನೌಕರಿಗೆ ಸೇರಿ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆ. ಕೊಪ್ಪಳ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ನಾವು ರಾಯಚೂರು ಜಿಲ್ಲೆಯವರು. ಅಂದು ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ ತೀರದಿಂದ ಬಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ನಮ್ಮ ಕುಷ್ಟಗಿ ಸೀಮೆ ಆ ಪಟ್ಟಿಯ ಒಳಗೇ ಇತ್ತು. ಅಹಮದಾಬಾದಿನ ವಿಜ್ಞಾನಿಗಳು ಗದಗಿನಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಸಿಂಧನೂರು ಸಮೀಪದ ಜವಳಗೇರಿಯಲ್ಲಿ ಯಂತ್ರಗಳನ್ನು ಹೂಡಿ ಕಾಯುತ್ತಿದ್ದರು. ಆ ಸಂಸ್ಥೆಯ ನಿರ್ದೇಶಕರಾಗಿದ್ದ ವೈನು ಬಪ್ಪು ಅವರು ಬೆಳೆದದ್ದು ಹೈದರಾಬಾದಿನಲ್ಲಿ. ಅವರ ತಂದೆ ಅಲ್ಲಿಯ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದವರು. ನಮ್ಮ ಸೀಮೆಯೂ 1948ರವರೆಗೆ ಅದೇ ನಿಜಾಮರ ರಾಜ್ಯದ್ದು. ಇವೆಲ್ಲ ನನಗೆ ತಿಳಿದದ್ದು ವರ್ಷಗಳ ಮೇಲೆ.

ಅಂದು ತಿಳಿದಿದ್ದದ್ದು ಭಯ ಮಾತ್ರ. ಊರ ಹಿರಿಯರು ಶಾಲೆಗೆ ಬಂದು ಮಕ್ಕಳನ್ನು ಹೊರಗೆ ಬಿಡಬಾರದೆಂದು ಹೇಳಿಹೋಗಿದ್ದರು. ಮುಂಜಾನೆಯ ಶಾಲೆ ಬಿಡುವಾಗ ನಾನು ಗಟ್ಟಿ ದನಿಯಲ್ಲಿ ಹೇಳಿದೆ: ನೇರ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಯಾರೂ ನೋಡಕೂಡದು. ಏಳನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಸರ್ರೀ, ಹೊಗಿ ಹಿಡಿಸಿದ ಗಾಜಿನ್ಯಾಗ ನೋಡಿದ್ರ ಏನೂ ಆಗಂಗಿಲ್ಲಂತ್ರಿ, ನಮ್ಮ ಕಾಕಾ ಹೇಳ್ಯಾನ್ರಿ" ಎಂದಳು. ನಾನು ಅವಳನ್ನು ಗದರಿಸಿ, ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿದೆ. ಹೊಗೆ ಹಿಡಿಸಿದ ಗಾಜು ಸುರಕ್ಷಿತವಲ್ಲ. ಅದನ್ನು ಬೇಡವೆಂದದ್ದು ಸರಿಯೇ. ಆದರೆ ನಾನು ಆ ಕಾರಣಕ್ಕೆ ಬೇಡವೆನ್ನಲಿಲ್ಲ. ಅದೇ ವರ್ಷ ಅದೇ ಮಕ್ಕಳಿಗೆ ಸೂಜಿರಂಧ್ರ ಕ್ಯಾಮರಾದ ಪಾಠ ಮಾಡಿದ್ದೆ. ಒಂದು ರಟ್ಟಿಗೆ ತೂತು ಮಾಡಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಂತು, ಬಿಂಬವನ್ನು ನೆಲದ ಮೇಲೆ ನೋಡಬಹುದಿತ್ತು. ಪಾಠ ಪುಸ್ತಕದಲ್ಲಿತ್ತು, ಗ್ರಹಣ ಆಕಾಶದಲ್ಲಿತ್ತು. ಎರಡನ್ನೂ ಜೋಡಿಸಬೇಕಾದ ಮಾಸ್ತರ ಬಾಡಿಗೆ ಮನೆಯಲ್ಲಿ ಬೆಳಕಿಂಡಿಗೂ ಗೋಣಿತಾಟು ಮುಚ್ಚಿ ಕುಳಿತಿದ್ದ. ಮಧ್ಯಾಹ್ನ ಮೂರೂವರೆಯ ಮೇಲೆ ಹೊರಗೆ ಕತ್ತಲಾಯಿತು. ಹಕ್ಕಿಗಳ ಗದ್ದಲ ಕೇಳಿಸಿತು, ಆಮೇಲೆ ಅದೂ ನಿಂತಿತು. ಎರಡು ನಿಮಿಷಕ್ಕೂ ಮಿಕ್ಕಿದ ಆ ಕತ್ತಲನ್ನು ನಾನು ಬಾಗಿಲ ಸಂದಿಯಲ್ಲಿ ಮಾತ್ರ ಕಂಡೆ. ಭಾರತದ ನೆಲಕ್ಕೆ ಮುಂದಿನ ಪೂರ್ಣ ಸೂರ್ಯಗ್ರಹಣ ಬರುವುದು 2034ರ ಮಾರ್ಚ್ 20ರಂದು, ಅದೂ ಕಾಶ್ಮೀರದ ಆಚೆ ತುದಿಯಲ್ಲಿ. ನಾನಂತೂ ಹೋಗಲಾರೆ.

ದೂರದರ್ಶಕ ಕೊಂಡದ್ದೇಕೆಂದು ಕೇಳಿದವರಿಗೆಲ್ಲ ಹವ್ಯಾಸ ಎಂದು ಹೇಳುತ್ತಿದ್ದೆ.

ನಿವೃತ್ತನಾಗಿ ಕುಷ್ಟಗಿಯಲ್ಲಿ ನೆಲೆಸಿದ ಮೇಲೆ, 2020ರ ಡಿಸೆಂಬರ್ 21ರ ಸಂಜೆ, ಗುರು ಮತ್ತು ಶನಿ ಕೇವಲ 6 ಕಲೆಗಳ ಅಂತರಕ್ಕೆ ಬಂದಿದ್ದವು. 1623ರ ನಂತರ ಅವು ಅಷ್ಟು ಸಮೀಪಕ್ಕೆ ಬಂದಿರಲಿಲ್ಲ. ಕೊರೊನಾದ ಕಾಲ, ಅಂಗಳದಲ್ಲಿ ಮುಸುಕು ಹಾಕಿಕೊಂಡ ಹತ್ತು ಹನ್ನೆರಡು ಮಂದಿ ದೂರದೂರ ನಿಂತಿದ್ದರು. ಅವರಲ್ಲಿ ಮೊಮ್ಮಗನ ಕೈ ಹಿಡಿದ ಒಬ್ಬ ಹೆಣ್ಣುಮಗಳು. ಗಂಗಾವತಿ ಕಡೆ ಕೊಟ್ಟಿದ್ದಾರೆ, ತವರಿಗೆ ಬಂದಿದ್ದಾಳೆ ಎಂದು ಯಾರೋ ಹೇಳಿದರು. ಸರದಿ ಬಂದಾಗ ಆಕೆ ಐಪೀಸಿನ ಬಳಿ ಬಗ್ಗಿ, ನೋಡುವ ಮುನ್ನ ನನ್ನತ್ತ ತಿರುಗಿ, "ಸರ್ರೀ, ಇದನ್ನ ನೋಡಿದ್ರ ಬೆಂಚಿನ ಮ್ಯಾಲ ನಿಲ್ಲಸಂಗಿಲ್ಲಲ್ರಿ?" ಎಂದಳು.

ನಲವತ್ತು ವರ್ಷದ ಮಾತು. ನನಗೆ ಬಾಯಿ ಕಟ್ಟಿತು. ಎಲ್ಲರ ಎದುರಿಗೇ ನಿಲ್ಲಿಸಿದ್ದೆನಲ್ಲ, ಎಲ್ಲರ ಎದುರಿಗೇ ಹೇಳಿದೆ: "ತಪ್ಪಾಗಿತ್ತವ್ವ. ನಿನಗ ತೋರಿಸಬೇಕಾದಾಂವ ನಾನs, ನಾನs ಬಾಗಲಾ ಹಾಕ್ಕೊಂಡು ಕುಂತಿದ್ದೆ."

ಆಕೆ ನಕ್ಕಳು. "ನಾ ನೋಡೀನ್ರೀ ಸರ್. ನಮ್ಮವ್ವ ಬೆಳಕಿಂಡಿಗೆ ತಗಡು ಮುಚ್ಚಿದ್ಲು. ತಗಡಿನ್ಯಾಗ ಮಳಿ ಹೊಡದ ತೂತಿತ್ತು. ಗ್ವಾಡಿ ಮ್ಯಾಲ ರೂಪಾಯಿಯಷ್ಟು ಬೆಳಕು ಬಿದ್ದಿತ್ರಿ. ಅದು ಕುಡಗೋಲಿನಂಗ ಆಗಿ, ಆರಿ, ಮತ್ತ ಹುಟ್ಟಿತು. ನೀವು ಹೇಳಿದ ಪಾಠ ನೆನಪಾತು. ಅವ್ವಗ ಹೇಳಲಿಲ್ಲ, ನಿಮಗೂ ಹೇಳಲಿಲ್ಲ, ಬೈತೀರಂತ."

ಅಂದು ಮೊದಲು 56 ಪಟ್ಟಿನಲ್ಲಿ ಇಟ್ಟಿದ್ದೆ. ಒಂದೇ ನೋಟದಲ್ಲಿ ಗುರು, ಅದರ ಉಪಗ್ರಹಗಳು, ಉಂಗುರದ ಶನಿ. ಆಕೆ ಬಹಳ ಹೊತ್ತು ನೋಡಿದಳು; ಗ್ರಹಗಳು ಜಾರಿಹೋದಾಗಲೆಲ್ಲ ನಾನು ಕೊಳವೆಯನ್ನು ಚೂರುಚೂರೇ ಸರಿಸುತ್ತಿದ್ದೆ. ಆಮೇಲೆ ಮೊಮ್ಮಗ "ಇನ್ನಾ ದೊಡ್ಡದು ಮಾಡ್ರಿ ಅಜ್ಜಾ" ಎಂದ. ಬಾರ್ಲೋ ಹಾಕಿ 112 ಮಾಡಿದೆ. ಗ್ರಹಗಳು ಆಗಲೇ ಪಡುವಣದಲ್ಲಿ ಕೆಳಗಿಳಿದಿದ್ದವು, ದಪ್ಪ ಗಾಳಿಯಲ್ಲಿ ಎರಡೂ ಕುದಿಯತೊಡಗಿದವು. ಹುಡುಗ ತಾನೇ ಹೇಳಿದ: "ಬ್ಯಾಡ್ರಿ, ಮೊದಲಿಂದs ಚಲೋ ಇತ್ತು." ತೆಗೆದೆ. ಅವನು ಇನ್ನೊಮ್ಮೆ ನೋಡಿದ. ಸ್ವಲ್ಪ ಹೊತ್ತಿಗೆ ಅವೆರಡೂ ಪಕ್ಕದ ಮನೆಯ ಬೇವಿನ ಗಿಡದೊಳಗೆ ಇಳಿದವು.

ಆದ್ದರಿಂದ, ಯಲಬುರ್ಗಾದ ನನ್ನ ಶಿಷ್ಯನೇ, ನಿನ್ನ ಡಬ್ಬಿಯ ಬಾರ್ಲೋ ಕೆಟ್ಟಿಲ್ಲ. ಅದು ಹುಟ್ಟಿನಿಂದಲೇ ಹಾಗೆ. ಅದನ್ನು ತೆಗೆದಿಡು. ಅತಿ ದೊಡ್ಡ ಸಂಖ್ಯೆಯ ಐಪೀಸ್ ಹಾಕಿ ಮಗನಿಗೆ ಮೊದಲು ಚಂದ್ರನನ್ನು ತೋರಿಸು, ಆಮೇಲೆ ಶನಿ. 2025ರಲ್ಲಿ ಉಂಗುರ ಅಂಚಾಗಿ ಗೆರೆಯಷ್ಟೇ ಉಳಿದಿತ್ತು. ಇನ್ನು ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತ ಹೋಗುತ್ತದೆ. ಒಂದು ವರ್ಷ ಹೀಗೆ ನೋಡಲಿ. ಆಗಲೂ ಅವನೇ ಇನ್ನಷ್ಟು ದೊಡ್ಡದಾಗಿ ಬೇಕೆಂದು ಕೇಳಿದರೆ ಎರಡು ಪಟ್ಟಿನ, ಎರಡು ಗಾಜಿನ ಬಾರ್ಲೋ ಕೊಡಿಸು. ಕೊಳವೆಯ ಬಾಯಿ ಅಳೆದು ನನಗೆ ತಿಳಿಸು. ಕೂಡದಿದ್ದರೆ ಗಂಗಾವತಿಯಲ್ಲಿ ಆ ಹಿರಿಯರ ಮಗ ಈಗ ಲೇತ್ ನಡೆಸುತ್ತಿದ್ದಾನೆ.